ಹಸಿರು ತಂತಿಯ ಪಾಠ

ಎಡಚ ಮೇಸ್ತ್ರಿ ಕೆಲಸಕ್ಕೆ ಬಂದನೆಂದರೆ ಮೊದಲು ಬಾವಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಮೀಟರ್ ಬೋರ್ಡಿನ ಹತ್ತಿರ ಹೋಗುತ್ತಾನೆ, ಮೇನ್ ಸ್ವಿಚ್ ಆರಿಸುತ್ತಾನೆ, ಮೂರು ಫ್ಯೂಸನ್ನೂ ಕಿತ್ತು ಅಂಗಿಯ ಜೇಬಿಗೆ ಹಾಕಿ ಮೇಲೆ ಗುಂಡಿ ಹಾಕಿಕೊಳ್ಳುತ್ತಾನೆ. ಆಮೇಲೆಯೇ ಚೀಲ ಬಿಚ್ಚುವುದು. ಊಟಕ್ಕೆ ಹೋದರೂ ಫ್ಯೂಸು ಜೇಬಿನಲ್ಲೇ, ಪಕ್ಕದ ಬೀದಿಗೆ ಟೀ ಕುಡಿಯಲು ಹೋದರೂ ಜೇಬಿನಲ್ಲೇ. ಎರಡು ಸಲ ಮರೆತು ಮನೆಗೇ ಒಯ್ದುಬಿಟ್ಟು, ಆ ಮನೆಯವರು ಕತ್ತಲಲ್ಲಿ ಕೂತು ಅವನ ಜನ್ಮ ಜಾಲಾಡಿದ್ದೂ ಉಂಟು.

"ಸ್ವಿಚ್ ಆಫ್ ಮಾಡಿದೀವಲ್ಲ ಮೇಸ್ತ್ರಿ, ಫ್ಯೂಸ್ ಬೇರೆ ಯಾಕೆ ಕೀಳ್ತೀರಿ? ನಾವೇನು ನಿಮ್ಮನ್ನ ಸಾಯಿಸ್ತೀವಾ?" ಎಂದು ಯಾರಾದರೂ ನಕ್ಕರೆ ಅವನು ನಗುತ್ತಿರಲಿಲ್ಲ.

"ನೀವು ಸಾಯಿಸಲ್ಲ. ಒಳಗಡೆ ಯಾರೋ ಒಬ್ಬರು ಸ್ನಾನಕ್ಕೆ ಹೊರಡ್ತಾರೆ, ನೀರು ಬರ್ತಿಲ್ಲ ಅಂತ ಸ್ವಿಚ್ ಒತ್ತುತ್ತಾರೆ. ಅಷ್ಟು ಸಾಕು" ಎನ್ನುತ್ತಿದ್ದ.

ಮೂವತ್ತೈದು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ. ನೀರೊಳಗೆ ಮುಳುಗಿದ್ದುಕೊಂಡೇ ನೀರೆತ್ತುವ ಮೋಟಾರನ್ನು ಬಾವಿಗೆ ಇಳಿಸುವುದು, ಕೆಟ್ಟರೆ ಎತ್ತುವುದು, ಸುಟ್ಟರೆ ಅಂಗಡಿಗೆ ತಂದು ಹೊಸ ತಂತಿ ಸುತ್ತಿಸುವುದು. ನೀರಿಗೂ ಕರೆಂಟಿಗೂ ಹುಟ್ಟಿನಿಂದ ಆಗಿಬರುವುದಿಲ್ಲ. ಅಂಥ ಇಬ್ಬರನ್ನು ಒಂದೇ ಕೊಳವೆಯೊಳಗೆ ಸಂಸಾರ ಮಾಡಿಸುವವನಿಗೆ ನಗು ಕಡಿಮೆಯಾದರೆ ತಪ್ಪೇನಿಲ್ಲ. ಮೋಟಾರಿನ ಹೊಟ್ಟೆಗೆ ಶುದ್ಧ ನೀರು ತುಂಬಿ, ಮಗುವನ್ನು ತೂಗುವ ಹಾಗೆ ಎರಡು ಕಡೆಗೂ ಓಲಾಡಿಸಿ, ಗುಳ್ಳೆಯೆಲ್ಲ ಹೊರಬಂದ ಮೇಲೆ ಮತ್ತಷ್ಟು ನೀರು ಹೊಯ್ದು ಬಿರಟೆ ಬಿಗಿಯುತ್ತಿದ್ದ. ತಂತಿಯ ಜಾಯಿಂಟನ್ನು ಬಕೆಟ್ಟಿನ ನೀರಲ್ಲಿ ಅದ್ದಿಟ್ಟು ಮೀಟರಿಟ್ಟು ನೋಡುತ್ತಿದ್ದ. ಮುಳ್ಳು ಒಂದು ಕೂದಲೆಳೆ ಅಲ್ಲಾಡಿದರೂ ಜಾಯಿಂಟು ಕತ್ತರಿಸಿ ಹೊಸದಾಗಿ ಕಟ್ಟುತ್ತಿದ್ದ. ಮೋಟಾರನ್ನು ಕೇಬಲ್ಲಿನಿಂದ ಹಿಡಿದೆತ್ತಿದವನನ್ನು ಕಂಡರೆ ಅವನ ಸಿಟ್ಟು ನೆತ್ತಿಗೇರುತ್ತಿತ್ತು. "ಕತ್ತು ಹಿಡಿದು ಎತ್ತಿದ್ರೆ ನೀನು ಸುಮ್ನಿರ್ತೀಯಾ?" ಎಂದು ಕೂಗುತ್ತಿದ್ದ.

ಅವನು ಎಡಗೈಯವನು, ಅದಕ್ಕೇ ಎಡಚ ಮೇಸ್ತ್ರಿ. ಊರಿನ ಮೋಟಾರು ಕೆಲಸದವರಲ್ಲಿ ಎಡಗೈ ಬಳಸುವವನು ಇವನೊಬ್ಬನೇ. ಉಳಿದವರೆಲ್ಲ ಟೇಪು ಸುತ್ತಿದರೆ ಸುತ್ತು ಬಲಕ್ಕೆ ವಾಲುತ್ತದೆ, ಇವನದು ಎಡಕ್ಕೆ.

ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಪಂಪು ಮಾರುವ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅವನದೊಂದು ಪಾಠ ಇರುತ್ತಿತ್ತು. ಹೊಸದಾಗಿ ಕೆಲಸ ಕಲಿತವರು, ಕಲಿತೆವೆಂದು ತಿಳಿದುಕೊಂಡವರು, ಹತ್ತು ಹದಿನೈದು ಜನ ರಟ್ಟಿನ ಪೆಟ್ಟಿಗೆಗಳನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದರು. ಯಾರೂ ಅವನನ್ನು ಕರೆದಿರಲಿಲ್ಲ, ಯಾರೂ ಬೇಡ ಎಂದೂ ಇರಲಿಲ್ಲ. ಎಂಟು ವರ್ಷದಿಂದ ನಡೆಯುತ್ತಿದ್ದ ಆ ಪಾಠ ಯಾವಾಗಲೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ನಾಲ್ಕು ಎಳೆಯ ಕೇಬಲ್ಲಿನ ತುಂಡೊಂದನ್ನು ಬಿಡಿಸಿ ಮೇಲೆ ಹಿಡಿಯುತ್ತಿದ್ದ.

"ಕೆಂಪು, ಹಳದಿ, ನೀಲಿ. ಈ ಮೂರು ಕೆಲಸ ಮಾಡೋಕೆ. ನಾಲ್ಕನೇದು ಹಸಿರು. ಇದು ಏನೂ ಕೆಲಸ ಮಾಡಲ್ಲ. ಇದಿಲ್ಲದೆ ಮೋಟಾರು ಓಡುತ್ತೆ, ನೀರು ಬರುತ್ತೆ, ಯಜಮಾನರು ಶಹಬ್ಬಾಸ್ ಅಂತಾರೆ. ಆದ್ರೆ ಮೋಟಾರಿನ ಮೈಗೆ ಕರೆಂಟ್ ಬಂದ ದಿನ ಅದನ್ನ ಮಣ್ಣಿಗೆ ಕಳಿಸಿ ಫ್ಯೂಸ್ ಸುಡಿಸೋದು ಇದೊಂದೇ. ಬಾಕಿ ಮೂರರಲ್ಲಿ ಒಂದು ಎಳೆ ಕಡಿದು ಹೋಯ್ತು ಅಂತ ಹಸಿರನ್ನ ಅದರ ಜಾಗಕ್ಕೆ ಹಾಕಬೇಡಿ. ನಮ್ಮ ಸಿಳ್ಳೆ ಅನ್ನೋನು ಹಾಕಿದ. ತಾನು ಕಟ್ಟಿದ ಜಾಯಿಂಟಿಗೆ ತಾನೇ ಹೋದ."

ಸಿಳ್ಳೆ ಎಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ. ಹದಿನಾರು ವರ್ಷ ಭಾವನ ಜೊತೆಗೇ ದುಡಿದವನು. ಬಾವಿಗೆ ಇಳಿದರೆ ಸಿಳ್ಳೆ ಹಾಕುತ್ತಲೇ ಇರುತ್ತಿದ್ದ. ಮೇಲಿದ್ದವರಿಗೆ ತಾನು ಉಸಿರಾಡಿಕೊಂಡಿದ್ದೇನೆ ಎಂದು ಗೊತ್ತಾಗಲಿ ಎಂದು ಶುರು ಮಾಡಿದ್ದು, ಕೊನೆಗೆ ಹೆಸರೇ ಆಗಿ ಕೂತಿತು. ಒಂದೇ ರಾಗ, ಅದೂ ಅರ್ಧ ತಪ್ಪು. ಭಾವನ ಜಾಯಿಂಟು ಬಿಚ್ಚಬೇಕಾಗಿ ಬಂದಾಗಲೆಲ್ಲ, "ಭಾವ, ನೀವು ಸುತ್ತಿದ ಟೇಪ್ ಬಿಚ್ಚಬೇಕಾದ್ರೆ ನಾನು ತಲೆಕೆಳಗಾಗಿ ನಿಲ್ಲಬೇಕು" ಎಂದು ಕಾಡಿಸುತ್ತಿದ್ದ. ಮೇಸ್ತ್ರಿಗೆ ಮಕ್ಕಳಿರಲಿಲ್ಲ. ಸಿಳ್ಳೆಯ ಮೇಲೆ ಅವನಿಗಿದ್ದ ಪ್ರೀತಿಯನ್ನು ಅವನು ಬೈಗುಳದಲ್ಲಲ್ಲದೆ ಬೇರೆ ಯಾವ ಮಾತಲ್ಲೂ ಹೇಳಿದವನಲ್ಲ.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೂಲೆಮನೆಯವರು ನೀರು ಸಣ್ಣಗೆ ಬರುತ್ತಿದೆ ಎಂದು ಹೇಳಿ ಕಳಿಸಿದರು. ನಿವೃತ್ತ ಪೋಸ್ಟ್ ಮಾಸ್ಟರರ ಮನೆ ಅದು, ಹಿತ್ತಲಲ್ಲಿ ಆಳದ ತೆರೆದ ಬಾವಿ. ಆ ಬೀದಿಯ ಮನೆಗಳೆಲ್ಲ ಸಿಳ್ಳೆಯ ಪಾಲಿಗೆ ಬಂದಿದ್ದರಿಂದ ಅವನೇ ಹೋದ. ಮೋಟಾರು ಓಡುತ್ತಿರುವಾಗ ಪೈಪಿಗೆ ಅಂಗೈಯಿಟ್ಟರೆ ಅದರ ನಾಡಿ ತಿಳಿಯುತ್ತದೆ. ಹಾಗೆಂದು ಕಲಿಸಿದವನು ಭಾವನೇ. ಸಿಳ್ಳೆ ಬಾವಿಯ ಮೆಟ್ಟಿಲಿಳಿದು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಮೋಟಾರು ಹಾಕಲು ಹೇಳಿ ಕಬ್ಬಿಣದ ಪೈಪಿಗೆ ಕೈಯಿಟ್ಟ. ಮೇಲೆ ನಿಂತಿದ್ದ ಪೋಸ್ಟ್ ಮಾಸ್ಟರರು ಸಿಳ್ಳೆಯ ದನಿ ನಿಂತದ್ದನ್ನು ಕೇಳಿದರು. ರಾಗ ಮರೆತಿರಬೇಕು ಎಂದುಕೊಂಡು ಸ್ವಲ್ಪ ಹೊತ್ತು ಕಾದರಂತೆ.

ಹೆಣ ಮೇಲೆತ್ತುವ ಹೊತ್ತಿಗೆ ಮೇಸ್ತ್ರಿ ಬಂದಿದ್ದ. ಲೈನ್‌ಮನ್ ಸ್ಟಾರ್ಟರಿನ ಮುಚ್ಚಳ ತೆಗೆದು ನೋಡಿ ಹಣೆ ಚಚ್ಚಿಕೊಂಡ. ಮಣ್ಣಿಗೆ ಹೋಗಬೇಕಾದ ಹಸಿರು ತಂತಿ, ನೀಲಿ ಇರಬೇಕಾದ ಕಡೆ ಕೂತಿತ್ತು. ಮೋಟಾರಿನ ಮೈಗೆ ಬಂದ ಕರೆಂಟು ಮಣ್ಣಿಗೆ ಹೋಗದೆ ಪೈಪಿಗೇ ಏರಿತ್ತು.

"ಯಾರ್ರೀ ಈ ಕೆಲಸ ಮಾಡಿದ್ದು?" ಎಂದು ಅವನು ಕೂಗಿದ.

"ಈ ಮನೆ ಕೆಲಸ ಅವನದೇ" ಎಂದ ಮೇಸ್ತ್ರಿ. ಬಾಯಿಂದ ಹಾಗೇ ಬಂತು. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ, ಅದು ಸುಳ್ಳಾಗಿರಬಹುದು ಎಂದೂ ಹೊಳೆಯಲಿಲ್ಲ. ಲೈನ್‌ಮನ್ ತಲೆಯಾಡಿಸಿದ. ಅಲ್ಲಿಗೆ ಅದು ಮುಗಿಯಿತು. ತಂತಿಯ ಬಣ್ಣದ ಗುಟ್ಟು ತಿಳಿಯದ ಪೋಸ್ಟ್ ಮಾಸ್ಟರರು ಕಂಬದಿಂದ ಬಂದ ತಂತಿ ತೆಗೆಸಿ, ಬಾವಿಯ ಮೇಲೆ ಚಪ್ಪಡಿ ಹಾಕಿಸಿ, ಬೀದಿಯ ನಲ್ಲಿಗೆ ಪೈಪು ಜೋಡಿಸಿಕೊಂಡರು. ಮೋಟಾರು ಬಾವಿಯಲ್ಲೇ ಉಳಿಯಿತು.

ಸಿಳ್ಳೆಯ ಹೆಂಡತಿಯನ್ನು ಮೇಸ್ತ್ರಿ ಕೈಬಿಡಲಿಲ್ಲ, ಆ ಮಟ್ಟಿಗೆ ಅವನ ಬೆನ್ನು ತಟ್ಟಲೇಬೇಕು. ತನ್ನ ರಿಪೇರಿ ಅಂಗಡಿಗೆ ಕರೆತಂದು, ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕಲಿಸಿದ. ಒಂದು ವರ್ಷದೊಳಗೆ ಅವಳು ಅವನನ್ನೇ ಮೀರಿಸಿದಳು. ವಾರ್ನಿಷ್ ವಾಸನೆಯ ಆ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಕಡೆಗೆ ಅವಳ ಮಣೆ, ಬಾಗಿಲ ಕಡೆಗೆ ಅವನ ಮೇಜು, ನಡುವೆ ಮೋಟಾರು ಮುಳುಗಿಸಿ ನೋಡುವ ನೀರಿನ ಡ್ರಮ್ಮು. ಸುತ್ತು ಎಡಕ್ಕೋ ಬಲಕ್ಕೋ, ಎಷ್ಟು ಎಳೆ, ಎಷ್ಟು ಬಿಗಿ ಎಂದು ದಿನವಿಡೀ ನೋಡುವುದೇ ಅವಳ ಬದುಕಾಯಿತು. ಅಂಗಡಿಗೆ ಬಂದವರಿಗೆ ಮೇಸ್ತ್ರಿ ಹಸಿರು ತಂತಿಯ ಕತೆ ಶುರು ಮಾಡಿದಾಗ ಅವಳು ತಲೆಯೆತ್ತುತ್ತಿರಲಿಲ್ಲ. ಕತೆ ಮುಗಿಯುವವರೆಗೆ ಅವಳ ಕೈ ಇನ್ನಷ್ಟು ಚುರುಕಾಗಿ ಓಡುತ್ತಿತ್ತು.

ಕತೆ ಅಂಗಡಿಯಲ್ಲೇ ನಿಲ್ಲಲಿಲ್ಲ. ಅವಳ ಮಗಳ ಶಾಲೆಯಲ್ಲಿ ವಿಜ್ಞಾನದ ಟೀಚರು ಅರ್ಥಿಂಗ್ ಪಾಠ ಮಾಡುತ್ತಾ, ನಮ್ಮೂರಿನಲ್ಲೇ ಒಬ್ಬ ಮೆಕ್ಯಾನಿಕ್ ಹೀಗೆ ಮಾಡಿ ಸತ್ತ ಎಂದು ಹೇಳಿದರಂತೆ. ಅದು ಯಾರೆಂದು ಟೀಚರಿಗೆ ಗೊತ್ತಿರಲಿಲ್ಲ, ತರಗತಿಗೆಲ್ಲ ಗೊತ್ತಿತ್ತು. ಹುಡುಗಿ ಸಂಜೆ ಅಂಗಡಿಗೆ ಬಂದು ಚೀಲವನ್ನೂ ಇಳಿಸದೆ, "ಅಮ್ಮಾ, ಅಪ್ಪ ಅಷ್ಟು ದಡ್ಡನಾ?" ಎಂದು ಕೇಳಿದಳು. ಅಮ್ಮ, "ದಡ್ಡ ಅಲ್ಲ ಕಣೇ. ಅವಸರದವನು" ಎಂದಳು. ಮೇಸ್ತ್ರಿ ಅಲ್ಲೇ ಮೂರು ಮಾರು ದೂರದಲ್ಲಿ ಕೂತಿದ್ದ. ಪಾಪ, ಎಂದುಕೊಂಡ. ತಪ್ಪನ್ನು ಮುಚ್ಚಿಡುವುದಕ್ಕಿಂತ ಹತ್ತು ಜನಕ್ಕೆ ತಿಳಿಸಿ ಹತ್ತು ಜೀವ ಉಳಿಸುವುದು ಮೇಲು ಎಂದೂ ಅಂದುಕೊಂಡ. ಬೇರೆಯವರ ತಪ್ಪಿನ ವಿಷಯದಲ್ಲಿ ಹೀಗೆ ದೊಡ್ಡ ಮನಸ್ಸು ಮಾಡುವುದು ಎಷ್ಟು ಸುಲಭ ನೋಡಿ.

ಈ ಬೇಸಿಗೆಯಲ್ಲಿ ಮೂಲೆಮನೆ ಕೈ ಬದಲಾಯಿತು. ಕೊಂಡವರು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸಮ್ಮ. ಬೀದಿಯ ನಲ್ಲಿಯಲ್ಲಿ ನೀರು ಸಾಲದೆ, ಚಪ್ಪಡಿ ಸರಿಸಿ ಬಾವಿಗೆ ಹೊಸ ಮೋಟಾರು ಹಾಕಿಸಬೇಕೆಂದು ಅಂಗಡಿಗೇ ಬಂದರು. ಅವರಿಗೆ ಹಳೆಯದೇನೂ ಗೊತ್ತಿರಲಿಲ್ಲ. ಮನೆ ಯಾವುದೆಂದು ಕೇಳಿದ ಕೂಡಲೇ ಕಿಟಕಿಯ ಕಡೆಯ ಮಣೆಯಲ್ಲಿ ಕೈ ನಿಂತಿತು.

"ನಾನೇ ಹೋಗ್ತೀನಿ ಬಿಡು ತಂಗಿ" ಎಂದ ಮೇಸ್ತ್ರಿ.

"ಅವರು ಕಟ್ಟಿದ ಜಾಯಿಂಟು ಮೇಲೆ ಬರುತ್ತಲ್ವಾ ಅಣ್ಣ?" ಎಂದಳು ಅವಳು. "ಬಂದ್ರೆ ಎಸೀಬೇಡಿ. ನನಗೆ ತಂದುಕೊಡಿ. ಕೊನೇ ಕೆಲಸ ಹೇಗೆ ಮಾಡಿದ್ರು ಅಂತ ಒಂದು ಸಲ ನೋಡಬೇಕು."

ಮರುದಿನ ಇಬ್ಬರು ಆಳುಗಳ ಜೊತೆ ಹೋದ. ಎಂಟು ವರ್ಷದಿಂದ ಕರೆಂಟೇ ಇಲ್ಲದ ಸ್ಟಾರ್ಟರು. ಆದರೂ ಟೆಸ್ಟರ್ ಹಿಡಿದು ಒಂದೊಂದೇ ತುದಿ ಮುಟ್ಟಿ ನೋಡಿ, ಮನೆಯ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ಬಾವಿಯ ಬಾಯಿಗೆ ಮೂರು ಕಾಲಿನ ಕಂಬ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದರು. ಪೈಪು ಒಂದೊಂದೇ ಮೇಲೆ ಬಂತು, ಒಂದೊಂದನ್ನೇ ಕಳಚಿ ಗೋಡೆಗೆ ಒರಗಿಸಿದರು. ಐದನೆಯ ಪೈಪಿನ ತುದಿಯಲ್ಲಿ ಪಾಚಿ ಹೊದ್ದ ಮೋಟಾರು. ಅದರ ಕತ್ತಿನ ಹತ್ತಿರ, ಕೇಬಲ್ಲು ಮೋಟಾರಿನ ತಂತಿಗೆ ಸೇರುವ ಕಡೆ, ಬದನೆಕಾಯಿಯಷ್ಟು ದಪ್ಪದ ಜಾಯಿಂಟು.

ಆಳುಗಳು ಬೀಡಿ ಸೇದಲು ಗೋಡೆಯ ಆಚೆ ಹೋದರು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಜಾಯಿಂಟನ್ನು ಎರಡೂ ಕಡೆ ಕತ್ತರಿಸಿ ತೆಗೆದ. ಬಕೆಟ್ಟಿನ ನೀರಲ್ಲಿ ಅದ್ದಿ ಹೆಬ್ಬೆರಳಿಂದ ಪಾಚಿ ಉಜ್ಜಿದ. ಕಪ್ಪು ಟೇಪು ಹೊಳೆಯುತ್ತಾ ಬಂತು. ಅಂಚಿನ ಮೇಲೆ ಅಂಚು, ಒಂದು ಎಳೆ ಸಡಿಲವಿಲ್ಲದ ಸುತ್ತು. ಎಡಕ್ಕೆ ವಾಲಿದ ಸುತ್ತು.

ಜಾಯಿಂಟನ್ನು ತಿರುಗಿಸಿ ಹಿಡಿದ. ತಲೆ ಕೆಳಗೆ ಮಾಡಿ ಹಿಡಿದ. ಹೇಗೆ ಹಿಡಿದರೂ ಎಡಕ್ಕೇ ವಾಲುತ್ತಿತ್ತು. ಚಾಕುವಿನಿಂದ ಒಂದು ಕಡೆ ಸೀಳಿದ: ಕೇಬಲ್ಲಿನ ಹಸಿರು ಎಳೆ ಮೋಟಾರಿನ ನೀಲಿಗೆ ಸೇರಿತ್ತು, ಮೋಟಾರಿನ ಹಸಿರು ತಂತಿಯನ್ನು ಗಿಡ್ಡಗೆ ಕತ್ತರಿಸಿ, ಮಡಿಚಿ, ಒಂಟಿಯಾಗಿ ಟೇಪು ಸುತ್ತಿ ಬಿಡಲಾಗಿತ್ತು. ಅದರ ಸುತ್ತೂ ಎಡಕ್ಕೆ.

ಆಗ ನೆನಪು ಬಂತು. ಹನ್ನೆರಡು ವರ್ಷದ ಕೆಳಗಿನ ಒಂದು ಬೇಸಿಗೆಯ ಸಂಜೆ. ಅವತ್ತಿನ ಐದನೆಯ ಬಾವಿ ಅದು, ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದ ದಿನಗಳು. ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಎತ್ತಿ ನೋಡಿದರೆ ಕೇಬಲ್ಲಿನೊಳಗೆ ಎಲ್ಲೋ ನೀಲಿ ಎಳೆ ಕಡಿದಿದೆ. ಹೊಸ ಕೇಬಲ್ಲು ತರೋಣವೆಂದರೆ ಪಂಪಿನ ಅಂಗಡಿ ಮುಚ್ಚಿದೆ. ಮನೆ ತುಂಬ ನೆಂಟರು, ಪೋಸ್ಟ್ ಮಾಸ್ಟರರು ಕೈ ಮುಗಿಯುತ್ತಿದ್ದಾರೆ. "ಈಗ ಹೀಗೆ ಓಡಿಸ್ತೀನಿ ಸ್ವಾಮಿ. ನಾಳೆ ಬಂದು ಹೊಸ ಕೇಬಲ್ ಹಾಕ್ತೀನಿ" ಎಂದು ಹಸಿರನ್ನು ನೀಲಿಯ ಜಾಗಕ್ಕೆ ಸೇರಿಸಿದವನು ತಾನೇ. ನೀರು ಬಂತು. ಪೋಸ್ಟ್ ಮಾಸ್ಟರರು ಶಹಬ್ಬಾಸ್ ಎಂದರು. ನಾಳೆ ಬೇರೆ ಬಾವಿ ಬಂತು, ನಾಳಿದ್ದು ಇನ್ನೊಂದು.

ಸಿಳ್ಳೆ ಅವತ್ತು ಕೆಲಸಕ್ಕೇ ಬಂದಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿದ್ದ. ಅವತ್ತೇ ಅವನಿಗೆ ಮಗಳು ಹುಟ್ಟಿದ್ದು.

ಗೋಡೆಯಾಚೆ ಆಳುಗಳು ಏನೋ ಮಾತಾಡಿಕೊಂಡು ನಗುತ್ತಿದ್ದರು. ಪಕ್ಕದಲ್ಲೇ ಮೋರಿ ಇತ್ತು. ಕೈ ಚಾಚಿ ಬಿಟ್ಟರೆ ಸಾಕು, ಲೋಕದಲ್ಲಿ ಇನ್ನಾರಿಗೂ ಇದು ಗೊತ್ತಾಗುವಂತಿರಲಿಲ್ಲ. ಕೊಳೆತು ಹೋಗಿತ್ತು ತಂಗಿ, ಕೈಗೇ ಸಿಗಲಿಲ್ಲ ಎಂದರೆ ಅವಳು ನಂಬುತ್ತಿದ್ದಳು. ಪಾಠವೂ ನಡೆಯುತ್ತಿತ್ತು, ಹುಡುಗರು ಹಸಿರಿಗೆ ಕೈ ಹಾಕದೆ ಬದುಕಿಕೊಳ್ಳುತ್ತಿದ್ದರು. ಇದನ್ನೆಲ್ಲ ಮೇಸ್ತ್ರಿ ಯೋಚಿಸಿದ. ಯೋಚಿಸಲಿಲ್ಲ ಎಂದು ಹೇಳಿ ಅವನನ್ನು ದೊಡ್ಡವನನ್ನಾಗಿ ಮಾಡುವ ಅಗತ್ಯವಿಲ್ಲ. ಮೋರಿಯ ಮೇಲೆ ಎರಡು ಸಲ ಕೈ ಚಾಚಿದ. ಕೊನೆಗೆ ಜಾಯಿಂಟನ್ನು ಖಾಲಿ ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ.

ಅಂಗಡಿಗೆ ಹೋದಾಗ ಅವಳು ಕೇಳಿದಳು, "ಸಿಕ್ತಾ ಅಣ್ಣ?"

"ನಾಳೆ" ಎಂದ. ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

ಮನೆಯಲ್ಲಿ ಹೆಂಡತಿ ಡಬ್ಬಿ ತೊಳೆಯಲು ತೆಗೆದವಳು ಸಿಂಕಿನ ಹತ್ತಿರವೇ ನಿಂತುಬಿಟ್ಟಳು. "ರೀ, ಏನಿದು ಊಟದ ಡಬ್ಬೀಲಿ? ಹಲ್ಲಿಗಿಲ್ಲಿ ಸತ್ತಿದೆಯೇನೋ ಅಂತ ಜೀವ ಬಾಯಿಗೆ ಬಂತು."

"ಮೂಲೆಮನೆ ಬಾವಿದು" ಎಂದ.

ಅವಳಿಗೆ ಅಷ್ಟು ಸಾಕಾಯಿತು. ನಲ್ಲಿ ನಿಲ್ಲಿಸಿದಳು. ಜಾಯಿಂಟನ್ನು ಎರಡೂ ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸಿದಳು. ಅವಳಿಗೆ ಎಡ ಸುತ್ತು ಬಲ ಸುತ್ತು ಎಂದೇನೂ ತಿಳಿಯದು. ಮತ್ತೆ ಮತ್ತೆ ಒರೆಸುತ್ತಾ, "ಅವನ ಕೈಕೆಲಸ. ಎಷ್ಟು ಒತ್ತಾಗಿ ಸುತ್ತಿದಾನೆ ನೋಡಿ" ಎಂದಳು. ಕಿಟಕಿಯ ಕಟ್ಟೆಯ ಮೇಲೆ, ತಮ್ಮನ ಫೋಟೊದ ಪಕ್ಕದಲ್ಲಿ, ಬಿಳಿ ಬಟ್ಟೆ ಹಾಸಿ ಅದನ್ನು ಇಟ್ಟಳು.

ಮೇಸ್ತ್ರಿ ಅಂಗಡಿಗೆ ಹೋಗುವಾಗ ಜಾಯಿಂಟು ಕಟ್ಟೆಯ ಮೇಲೇ ಇರುತ್ತಿತ್ತು, ಅಲ್ಲಿ ಸಿಳ್ಳೆಯ ಹೆಂಡತಿ ಕೇಳಿದರೆ ಮತ್ತೆ ನಾಳೆ ಎನ್ನುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಆ ಬಟ್ಟೆ ಕೊಡವಿ ಹಾಸುತ್ತಿದ್ದಾಗ ಅವನಿಂದ ಸಹಿಸಲಾಗಲಿಲ್ಲ.

"ಅದು ಅವನು ಕಟ್ಟಿದ್ದಲ್ಲ ಕಣೇ. ನಾನು ಕಟ್ಟಿದ್ದು."

ಅವಳು ತಿರುಗಿ ನೋಡಿದಳು. ಅವನು ಟೇಪಿನ ಸುರುಳಿ ತಂದು, ಪೊರಕೆಯ ಹಿಡಿಯ ಮೇಲೆ ಎಡಗೈಯಲ್ಲಿ ನಾಲ್ಕು ಸುತ್ತು ಸುತ್ತಿ ತೋರಿಸಿದ. ಅವಳ ಬಲಗೈಯಿಂದಲೇ ಇನ್ನು ನಾಲ್ಕು ಸುತ್ತಿಸಿದ. ಎರಡನ್ನೂ ಜಾಯಿಂಟಿನ ಪಕ್ಕ ಹಿಡಿದ. ಆ ಸಂಜೆಯ ಕತೆಯೆಲ್ಲ ಹೇಳಿದ, ಸಿಳ್ಳೆಯ ಮಗಳು ಹುಟ್ಟಿದ ದಿನ ಅದು ಎಂಬುದನ್ನೂ ಬಿಡಲಿಲ್ಲ.

ಅವಳು ಪೊರಕೆ ತೆಗೆದುಕೊಂಡು ಎರಡೂ ಸುತ್ತನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತಳು.

"ಅವನು ಸತ್ತ ದಿನ ನಾನು ಅಳೋಕೆ ಮುಂಚೆ ಬೈದೆ" ಎಂದಳು. "ಹೆಣದ ಮುಂದೆ ಕೂತ್ಕೊಂಡು ಬೈದೆ. ಬುದ್ಧಿಗೇಡಿ, ಹೆಂಡತಿ ಮಗೂನ ನಡುನೀರಲ್ಲಿ ಬಿಟ್ಟು ಹೋದ್ಯಲ್ಲೋ ಅಂತ. ಎಂಟು ವರ್ಷ ಆ ಸಿಟ್ಟು ಹೊಟ್ಟೇಲಿಟ್ಟುಕೊಂಡೇ ಅವನ ಫೋಟೊ ಒರೆಸಿದೀನಿ. ಈಗ ಯಾರನ್ನ ಬೈಲಿ?"

"ನನ್ನನ್ನ ಬೈ."

"ನಿಮ್ಮನ್ನ ಬೈದ್ರೆ ಅವನಿಗೆ ಕೇಳುತ್ತಾ?" ಎಂದು ಅವಳು ಅತ್ತಳು. ಅಳು ನಿಂತ ಮೇಲೆ ಎದ್ದು, ಜಾಯಿಂಟನ್ನು ಆ ಬಟ್ಟೆಯಲ್ಲೇ ಸುತ್ತಿ ಅವನ ಕೈಗೆ ತುರುಕಿದಳು. "ಅವಳಿಗೆ ಕೊಡಿ. ಇವತ್ತೇ ಕೊಡಿ. ನಾಳೆ ಅಂದ್ರೆ ನಾನು ಈ ಮನೇಲಿ ಇರಲ್ಲ."

ಅಂಗಡಿಯಲ್ಲಿ ಅವನು ಏನೂ ಹೇಳಬೇಕಾಗಿ ಬರಲಿಲ್ಲ. ಬಟ್ಟೆ ಬಿಚ್ಚಿ ಮಣೆಯ ಮೇಲಿಟ್ಟ. ಅವಳು ಕೈಗೆತ್ತಿಕೊಂಡು, ದಿನಕ್ಕೆ ನೂರು ಸಲ ಸುರುಳಿಯನ್ನು ನೋಡುವ ಹಾಗೆ, ಬೆಳಕಿಗೆ ಹಿಡಿದಳು. ಒಂದು ಸಲ ಮಾತ್ರ ತಿರುಗಿಸಿದಳು. ಸೀಳಿದ ಕಡೆ ಬೆರಳಿಟ್ಟು ಹಸಿರನ್ನೂ ನೀಲಿಯನ್ನೂ ಮುಟ್ಟಿದಳು. ಮೇಸ್ತ್ರಿಯ ಎಡಗೈಯನ್ನು ನೋಡಿದಳು.

"ಯಾವತ್ತು ಕಟ್ಟಿದ್ದು?" ಎಂದು ಕೇಳಿದಳು.

ಹೇಳಿದ.

"ಅವತ್ತು ಅವರು ಬೆಳಿಗ್ಗೆಯಿಂದ ಮಗೂನ ಕೆಳಗೇ ಇಳಿಸಿರಲಿಲ್ಲ" ಎಂದಳು. ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು.

"ತಂಗಿ, ನನ್ನ..."

"ಬೇಡ ಅಣ್ಣ. ಕ್ಷಮಿಸ್ತೀನೋ ಇಲ್ವೋ ಈಗ ಕೇಳಬೇಡಿ, ನನಗೇ ಗೊತ್ತಿಲ್ಲ. ನೀವು ಅನ್ನ ಹಾಕಿದೀರಿ, ಕೆಲಸ ಕಲಿಸಿದೀರಿ, ಅದೂ ಸುಳ್ಳಲ್ಲ. ಆದ್ರೆ ಎಂಟು ವರ್ಷ ಊರಿಗೆಲ್ಲ ಅವರ ಹೆಸರು ಹೇಳಿ ಪಾಠ ಮಾಡಿದ್ರಿ. ಪ್ರತಿ ಸಲ ನಾನಿಲ್ಲಿ ಕೂತು ಕೇಳಿದೀನಿ. ಶನಿವಾರ ಮಗಳನ್ನ ಕರ್ಕೊಂಡು ಬರ್ತೀನಿ. ಅವಳ ಮುಂದೆ ಹೇಳಿ."

"ಮೊದಲು ಅವಳೊಬ್ಬಳಿಗೇ ಮನೇಲಿ..."

"ಅವಳಿಗೆ ಅವಮಾನ ಆಗಿದ್ದು ಮನೇಲಿ ಅಲ್ಲ" ಎಂದಳು.

ಶನಿವಾರ ಗೋದಾಮಿನಲ್ಲಿ ಎಂದಿಗಿಂತ ಹೆಚ್ಚು ಜನ ಇದ್ದರು. ಮುಂದಿನ ಎರಡು ಪೆಟ್ಟಿಗೆಗಳ ಮೇಲೆ ತಾಯಿ ಮಗಳು, ಬಾಗಿಲ ಹತ್ತಿರ ನಿಂತುಕೊಂಡೇ ಮೇಸ್ತ್ರಿಯ ಹೆಂಡತಿ. ಹುಡುಗಿ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು. ಈ ಕತೆ ಇನ್ನೊಮ್ಮೆ ಕೇಳಿಸಲು ಯಾಕೆ ಎಳೆದು ತಂದರೋ ಎಂಬ ಬೇಸರದಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಮೇಸ್ತ್ರಿ ಕೇಬಲ್ಲಿನ ತುಂಡು ಎತ್ತಿ ಹಿಡಿದ. ಕೆಂಪು, ಹಳದಿ, ನೀಲಿ ಎಂದ. ನಾಲ್ಕನೆಯದು ಹಸಿರು ಎಂದ. ಅಲ್ಲಿಗೆ ಬಂದು ನಿಂತ. ಹಿಂದೆ ಕೂತವರಲ್ಲಿ ಒಬ್ಬನ ತುಟಿ, ಮುಂದಿನ ಮಾತು ಬಾಯಿಪಾಠವಾಗಿದ್ದರಿಂದ, ಆಗಲೇ ಅಲ್ಲಾಡುತ್ತಿತ್ತು.

"ಈ ಹಸಿರನ್ನ ನೀಲಿ ಜಾಗಕ್ಕೆ ಹಾಕಬೇಡಿ" ಎಂದ ಮೇಸ್ತ್ರಿ. "ನಾನು ಹಾಕಿದೆ."

ಬಟ್ಟೆ ಬಿಚ್ಚಿ ಜಾಯಿಂಟನ್ನು ಮುಂದಿನ ಸಾಲಿಗೆ ಕೊಟ್ಟ. "ಮೂಲೆಮನೆ ಬಾವಿಯಿಂದ ತೆಗೆದಿದ್ದು. ಸುತ್ತು ಯಾವ ಕಡೆಗಿದೆ ನೀವೇ ನೋಡಿ. ಸಿಳ್ಳೆ ಅವತ್ತು ಕೆಲಸಕ್ಕೆ ಬಂದಿರಲಿಲ್ಲ. ನಾಳೆ ಸರಿ ಮಾಡ್ತೀನಿ ಅಂತ ಹೇಳಿ ಹೋದವನು ನಾನು, ಮರೆತವನು ನಾನು. ಅವನು ಹೋದ ಮೇಲೆ ಅವನ ಮೇಲೆ ಹೊರಿಸಿದವನೂ ನಾನೇ. ಮೋಟಾರು ಓಡುವಾಗ ಪೈಪಿಗೆ ಕೈಯಿಡು ಅಂತ ಕಲಿಸಿದವನೂ ನಾನೇ. ಇನ್ನು ಮುಂದೆ ಯಾರಾದ್ರೂ ಈ ಕತೆ ಹೇಳಿದ್ರೆ ನನ್ನ ಹೆಸರಲ್ಲಿ ಹೇಳಿ."

ಜಾಯಿಂಟು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕೆಲಸ ಬಲ್ಲವರು, ಎಲ್ಲರೂ ಅದನ್ನು ಒಂದು ಸಲ ತಿರುಗಿಸಿ ನೋಡಿದರು, ಮೇಸ್ತ್ರಿಯ ಮುಖವನ್ನು ನೋಡದೆ ಮುಂದಿನವನಿಗೆ ದಾಟಿಸಿದರು. ಹುಡುಗಿ ತಲೆಯೆತ್ತಿದ್ದಳು. ಎದ್ದು ನಿಂತಳು.

"ಹಾಗಾದ್ರೆ ಮಾವ, ನಮ್ಮಪ್ಪ ದಡ್ಡ ಅಲ್ವಾ?"

"ಅಲ್ಲ ಮಗಳೇ."

"ಅವಸರದವನೂ ಅಲ್ವಾ?"

"ಅಲ್ಲ."

"ಮತ್ತೆ ಅಪ್ಪ ಮಾಡಿದ ತಪ್ಪೇನು?"

ಮೇಸ್ತ್ರಿಗೆ ಉತ್ತರ ಗೊತ್ತಿತ್ತು.

"ನಾನು ಹೇಳಿಕೊಟ್ಟಿದ್ದನ್ನ ನಂಬಿದ" ಎಂದ. "ಅಷ್ಟೇ."

ಹುಡುಗಿ ಅಮ್ಮನ ಕಡೆ ನೋಡಿದಳು. ಅಮ್ಮ ಹೌದೆಂದು ತಲೆಯಾಡಿಸಿದಳು. ಸುತ್ತು ಹೊಡೆದು ವಾಪಸು ಬಂದ ಜಾಯಿಂಟನ್ನು ಹುಡುಗಿಯೇ ಇಸಿದುಕೊಂಡು, ತೊಡೆಯ ಮೇಲಿಟ್ಟುಕೊಂಡು ಕೂತಳು. ಎರಡೂ ಕೈಯನ್ನು ಅದರ ಮೇಲಿಟ್ಟಳು. ಪಾಠ ಇನ್ನೂ ಅರ್ಧ ಉಳಿದಿತ್ತು. ಮೇಸ್ತ್ರಿ ಹಸಿರು ತಂತಿಯನ್ನು ಮತ್ತೆ ಎತ್ತಿ ಹಿಡಿದು, ಅದನ್ನು ಮಣ್ಣಿಗೆ ಸೇರಿಸುವುದು ಹೇಗೆ ಎಂದು ಮೊದಲಿನಿಂದ ಹೇಳತೊಡಗಿದ.